ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ ಖೈರುನ್ ಟೀಚರ್

ಯಾರಾದರೂ ಪಾಸ್‌ವರ್ಡ್ ಒತ್ತಲು ಕೈ ಮುಂದೆ ಮಾಡಿದರೆ ಸಾಕು, ಖೈರುನ್ ಟೀಚರ್ ಕುರ್ಚಿಯಿಂದೆದ್ದು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಬರೀ ನಿಲ್ಲುತ್ತಿರಲಿಲ್ಲ. ಅಲ್ಲಿ ನೇತುಹಾಕಿದ್ದ ಪಂಚಾಂಗದ ಕ್ಯಾಲೆಂಡರನ್ನು ಗಟ್ಟಿಯಾಗಿ ಓದುತ್ತಿದ್ದರು. "ಮಂಗಳವಾರ. ಚೌತಿ. ರಾಹುಕಾಲ ಮೂರರಿಂದ ನಾಲ್ಕೂವರಿ." ತಾವು ನೋಡುತ್ತಿಲ್ಲ ಎಂಬುದು ಹಿಂದೆ ಕೂತವರಿಗೆ ಕಿವಿಯಿಂದಲೂ ಖಾತ್ರಿಯಾಗಬೇಕು ಎಂಬುದು ಅವರ ಲೆಕ್ಕ. ಒತ್ತುವವರು "ಆತ್ರಿ ಟೀಚರ್" ಎಂದ ಮೇಲೆಯೇ ಹೊರಳುತ್ತಿದ್ದರು. ಒಂದೊಂದೇ ಅಕ್ಷರ ಹುಡುಕಿ ಒತ್ತುವ ಮುದುಕರು ಬಂದರೆ ಟೀಚರ್ ಆ ತಿಂಗಳು ಮುಗಿಸಿ ಮುಂದಿನ ತಿಂಗಳಿಗೆ ಹೋಗಿರುತ್ತಿದ್ದರು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅವರ ಇಂಟರ್‌ನೆಟ್ ಸೆಂಟರು. ಅದಕ್ಕೆ ಅಂಟಿಕೊಂಡು ನನ್ನ ಫೋಟೋ ಸ್ಟುಡಿಯೋ. ನಡುವೆ ಒಂದು ಪ್ಲೈವುಡ್ಡಿನ ಅಡ್ಡಗೋಡೆ ಇತ್ತು, ಆದರೆ ಅದು ಕಣ್ಣಿಗಷ್ಟೇ ಅಡ್ಡ. ಆ ಕಡೆಯ ಮಾತೆಲ್ಲ ಈ ಕಡೆಗೆ ಬರುತ್ತಿತ್ತು. ಕುರುಗೋಡಿನಿಂದ ಬಂದು ಅಂಗಡಿ ಹಾಕಿದ ಮೊದಲ ವಾರ, ಪಕ್ಕದಲ್ಲಿ ಯಾರೋ ಜ್ಯೋತಿಷಿ ಇದ್ದಾರೆಂದೇ ತಿಳಿದಿದ್ದೆ. ನಾನೊಬ್ಬನೇ ಅಲ್ಲ. ಹೊಸ ಬೈಕು ತರುವವರು, ಹೆಣ್ಣು ನೋಡಲು ಹೊರಟವರು ಅವರ ಬಾಗಿಲಲ್ಲಿ ನಿಂತು, "ಟೀಚರ್, ಇವತ್ತು ರಾಹುಕಾಲ ಎಷ್ಟಕ್ಕ?" ಎಂದು ಕೇಳುತ್ತಿದ್ದರು. ಟೀಚರ್ ತಲೆಯೆತ್ತದೆ ಹೇಳುತ್ತಿದ್ದರು. ನಮಾಜಿನ ಹೊತ್ತೂ ತಪ್ಪುತ್ತಿರಲಿಲ್ಲ, ನಕ್ಷತ್ರವೂ ತಪ್ಪುತ್ತಿರಲಿಲ್ಲ.

ಮೊದಲು ಅವರದು ಟೈಪಿಂಗ್ ಶಾಲೆ. ಆ ಯಂತ್ರಗಳು ಹೋಗಿ ಕಂಪ್ಯೂಟರು ಬಂದರೂ ಟೀಚರ್ ಎಂಬ ಹೆಸರು ಉಳಿಯಿತು. ಗಿಡ್ಡ ಆಳು, ದಪ್ಪ ಕನ್ನಡಕ, ತಲೆ ಮೇಲಿಂದ ಜಾರದ ಸೆರಗು. ಸೆಂಟರಿನ ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದರು. ತಂಗಿಯೊಬ್ಬರು ಸಿರುಗುಪ್ಪದಲ್ಲಿದ್ದಾರೆ ಎಂಬುದಷ್ಟೇ ನಮಗೆ ಗೊತ್ತಿತ್ತು. ವಯಸ್ಸೆಷ್ಟು, ಮದುವೆ ಯಾಕಾಗಲಿಲ್ಲ, ನಿನ್ನೆ ಯಾಕೆ ಬಾಗಿಲು ತೆರೆಯಲಿಲ್ಲ, ನಾನು ಏನು ಕೇಳಿದರೂ ಒಂದೇ ಉತ್ತರ: "ಅದು ಪಾಸ್‌ವರ್ಡ್, ಬಸಣ್ಣ."

ಗಣಿ ಜೋರಾಗಿದ್ದ ವರ್ಷಗಳು ಅವು. ಒಣಗಿಸಿದ ಬಟ್ಟೆ, ಅಂಗಡಿಯ ಬೋರ್ಡು, ಎಮ್ಮೆ ಎಲ್ಲ ಅದಿರಿನ ಧೂಳಿಗೆ ಒಂದೇ ಕೆಂಪು ಬಣ್ಣಕ್ಕೆ ಬಂದಿದ್ದವು. ನಿನ್ನೆಯವರೆಗೆ ಸೈಕಲ್ ಮೇಲೆ ಹಾಲು ಹಾಕುತ್ತಿದ್ದವರು ಇವತ್ತು ಅದಿರಿನ ರಾಶಿಯ ಮಾಲೀಕರು. ಚೀನಾದ ವ್ಯಾಪಾರಿಗಳು ಫೋನಿನಲ್ಲಿ ಕನ್ನಡ ಮಾತಾಡುವುದಿಲ್ಲವಾದ್ದರಿಂದ ಇವರಿಗೆಲ್ಲ ಇ-ಮೇಲ್ ಬೇಕಾಯಿತು. ಟೀಚರ್ ಕೂಡಿಸಿಕೊಂಡು ಮಾಡಿಕೊಟ್ಟರು. ಪಾಸ್‌ವರ್ಡಿನ ಹೊತ್ತಿಗೆ ಗೋಡೆಗೆ ಹೋಗುತ್ತಿದ್ದರು.

"ನೀವ ನೆನಪಿಟ್ಕೋರಿ ಟೀಚರ್, ನನಗ ಮರೀತೈತಿ" ಎಂದು ಗೋಗರೆಯುವವರಿದ್ದರು.

"ನನ್ನ ತಲಿಯಾಗ ಜಾಗ ಖಾಲಿ ಇಲ್ರಿ. ಬ್ಯಾರೆ ಬಾಡಿಗಿ ಮನಿ ನೋಡ್ಕೋರಿ."

ಒಂದು ಮಧ್ಯಾಹ್ನ ಕೈಗೆ ಬಂಗಾರದ ಕಡಗ ಹಾಕಿದ ಒಬ್ಬ ದಲ್ಲಾಳಿ ಬಂದ. ಅವನ ಎದುರಾಳಿ ವ್ಯಾಪಾರಿಯೊಬ್ಬ ಇದೇ ಸೆಂಟರಿನಿಂದ ಚೀನಾಕ್ಕೆ ಮೇಲ್ ಕಳಿಸುತ್ತಿದ್ದ. ಟನ್ನಿಗೆ ಏನು ದರ ಹೇಳಿದ್ದಾನೆ ಎಂಬುದು ಇವನಿಗೆ ಬೇಕಿತ್ತು.

"ಅವನ ಪಾಸ್‌ವರ್ಡ್ ನಿಮಗ ಗೊತ್ತಿರತೈತಿ ಮೇಡಂ."

"ಮೊನ್ನಿ ಅವ್ರು ಬಂದಾಗ ರೋಹಿಣಿ ನಕ್ಷತ್ರ ಇತ್ತು. ಅಷ್ಟ ಗೊತ್ತು."

"ನಿಮಗೊಂದು ಕಾರ್ ಕೊಡಸ್ತೀನಿ."

"ನನಗ ಡ್ರೈವಿಂಗ್ ಬರಂಗಿಲ್ಲ."

"ಡ್ರೈವರ್‌ನೂ ಇಟ್ಟು ಕೊಡ್ತೀನ್ರಿ."

"ಹಂಗಂದ್ರ ನಾ ಎಲ್ಲಿಗೆ ಹೋಗ್ತೀನಿ ಅಂತ ಅವಗ ಗೊತ್ತಾಗತೈತಿ. ಬ್ಯಾಡ್ರಿ."

ದಲ್ಲಾಳಿಯ ಮುಖ ಬಿಗಿಯಿತು. "ಈ ಸೆಂಟರ್ ಮುಚ್ಚಸಾಕ ನನಗ ಎಷ್ಟೊತ್ತು ಬೇಕು?"

"ಮುಚ್ಚೋದು ಒಂಬತ್ತಕ್ಕ. ಅಲ್ಲೀತನಕ ಕುಂದ್ರತೀರೇನು?"

ಮರುದಿನದಿಂದ ಇಬ್ಬರು ಗಟ್ಟಿಗರು ಎದುರಿನ ಬೇವಿನ ಮರದಡಿ ಬೈಕು ನಿಲ್ಲಿಸಿಕೊಂಡು ಸೆಂಟರನ್ನೇ ನೋಡುತ್ತ ಕೂತರು. ನಾನು ಹೆದರಿ, ಒಂದಷ್ಟು ದಿನ ಸಿರುಗುಪ್ಪಕ್ಕೆ ಹೋಗಿರಿ ಎಂದೆ. ಟೀಚರ್ ಅವರಿಗೆ ದಿನಕ್ಕೆರಡು ಸಲ ಚಹಾ ಕಳಿಸಿದರು. ಬಿಸಿಲು ಏರಿದಾಗ ಒಳಗೆ ಕರೆದು ಫ್ಯಾನಿನ ಕೆಳಗೆ ಕೂಡಿಸಿದರು. ಕೊನೆಗೆ ಅವರಲ್ಲೊಬ್ಬ ತನ್ನ ನೌಕರಿಯ ಅರ್ಜಿಯನ್ನು ಇವರ ಕೈಯಲ್ಲೇ ಟೈಪ್ ಮಾಡಿಸಿಕೊಂಡು ಹೋದ. ಇನ್ನೊಬ್ಬನಿಗೆ ಒಂಟಿಯಾಗಿ ಬೇಸರವಾಗಿರಬೇಕು, ಅವನೂ ಬರಲಿಲ್ಲ.

ಈ ಗೋಡೆಯ ಚಾಳಿ ಎಲ್ಲಿಂದ ಬಂತೆಂದು ಒಮ್ಮೆ ಕೇಳಿದ್ದೆ. ಪಾಸ್‌ವರ್ಡ್ ಎನ್ನದೆ ಉತ್ತರ ಕೊಟ್ಟ ಅಪರೂಪದ ಪ್ರಶ್ನೆ ಅದು. "ನಮ್ಮ ಅಬ್ಬಾಂದು ಬಟ್ಟಿ ಅಂಗಡಿ ಇತ್ತು. ಹಳ್ಳಿ ಹೆಣ್ಮಕ್ಕಳು ಸೆರಗಿನ ಗಂಟು ಬಿಚ್ಚಿ ರೊಕ್ಕ ತಗಿಯೋವಾಗ ಅಬ್ಬಾ ಮುಖ ಆಕಡಿ ಮಾಡಿ ಸುಮ್ಮ ಬಟ್ಟಿ ಮಡಚ್ತಿದ್ರು. ಗಂಟಿನಾಗ ಎಷ್ಟೈತಿ ಅಂತ ಅಂಗಡಿಯವ್ನಿಗೆ ಗೊತ್ತಾದ್ರ ಅವ್ನ ಬಾಯಾಗ ರೇಟು ಬದಲಾಗತೈತಿ ಬಸಣ್ಣ. ಅವ್ನು ಛಲೋ ಮನಿಷಾ ಆದ್ರೂ ಬದಲಾಗತೈತಿ."

ಇನ್ನು ನನ್ನ ಹೆಂಡತಿಯ ಸೋದರಮಾವ ಈರಣ್ಣನ ಸುದ್ದಿ ಹೇಳಬೇಕು. ತೆಕ್ಕಲಕೋಟೆಯವನು, ಅಕ್ಕಿ ಮಿಲ್ಲಿನವನು. ಅವನಿಗೂ ಗುಟ್ಟಿಗೂ ಹುಟ್ಟಿನಿಂದಲೇ ಆಗಿಬರುತ್ತಿರಲಿಲ್ಲ. ಬಸ್ಸು ಹತ್ತಿದರೆ ಪಕ್ಕದವರ ಊರು ಕೇಳುವ ಮೊದಲೇ ತನ್ನ ಮಿಲ್ಲಿನ ಲಾಭ, ಸಕ್ಕರೆ ಕಾಯಿಲೆ, ಸೊಸೆ ತರಬೇಕೆಂದಿರುವ ಮನೆ, ಎಲ್ಲ ಹೇಳಿ ಮುಗಿಸುತ್ತಿದ್ದ. ಗಣಿ ಕಾಲದಲ್ಲಿ ಟಿಪ್ಪರ್ ಕೊಂಡು, ಅವುಗಳ ಹಿಂದೆ ತನ್ನ ಹೆಸರನ್ನೂ ಫೋನ್ ನಂಬರನ್ನೂ ಬರೆಸಿದ. ಚಂದಾದವರು, ಪಾಲುದಾರರಾಗುತ್ತೇವೆ ಎಂದವರು, ಕಳೆದುಹೋಗಿದ್ದ ನೆಂಟರು ಎಲ್ಲ ಆ ನಂಬರಿಗೆ ಬಂದರು. ಗಣಿ ನಿಂತಾಗ ಟಿಪ್ಪರ್ ಹೋದವು, ನೆಂಟರು ಹೋದರು, ಮಿಲ್ಲು ಉಳಿಯಿತು.

ಅದಾಗಿ ಕೆಲವು ವರ್ಷಕ್ಕೆ ಬಿಟ್‌ಕಾಯಿನ್ ಸುದ್ದಿ ನಮ್ಮ ಕಡೆಗೂ ಬಂತು. ಈರಣ್ಣ ಮಾವ ಒಂದು ಬೆಳಿಗ್ಗೆ ಬಸ್ಸಿಳಿದು ನೇರ ಟೀಚರ ಸೆಂಟರಿಗೇ ಬಂದ.

"ಟೀಚರ್, ಇದರಾಗೂ ಮೈನಿಂಗ್ ಐತಂತ್ರಿ! ಧೂಳಿಲ್ಲ, ಪರ್ಮಿಟ್ ಇಲ್ಲ, ಟಿಪ್ಪರ್ ಬ್ಯಾಡ."

ಟೀಚರ್ ಅಷ್ಟೊತ್ತಿಗಾಗಲೇ ಅದನ್ನೆಲ್ಲ ಓದಿಕೊಂಡಿದ್ದರು. "ತಗೊಳ್ಳೋದು ಬಿಡೋದು ನಿಮಗ ಬಿಟ್ಟದ್ದು. ತಗೊಂಡ್ರ ಹೆಂಗ ಕಾಪಾಡ್ಬೇಕು, ಅಷ್ಟ ಹೇಳ್ತೀನಿ" ಎಂದು ಕೂಡಿಸಿದರು. "ಈ ವಾಲೆಟ್ ಅಂಬೋದು ಗಾಜಿನ ಪೆಟ್ಟಿಗಿ ಅಂತ ತಿಳ್ಕೋರಿ. ಬಜಾರದ ನಡುವ ಇಟ್ಟೈತಿ. ಒಳಗ ಎಷ್ಟೈತಿ, ಯಾವಾಗ ಬಂತು, ಯಾವಾಗ ಹೋತು, ಎಲ್ಲಾ ದುನಿಯಾಕ್ಕ ಕಾಣ್ತೈತಿ. ಆದ್ರ ಪೆಟ್ಟಿಗಿ ಮ್ಯಾಲ ಹೆಸರಿಲ್ಲ, ಬರೇ ಒಂದು ಉದ್ದನ ನಂಬರ್. ಆ ನಂಬರ್ ಈರಣ್ಣಂದು ಅಂತ ಯಾರಿಗೂ ಗೊತ್ತಾಗಬಾರದು."

"ಮತ್ತ ಈ ಹನ್ನೆರಡು ಇಂಗ್ಲಿಷ್ ಪದ ಏನ್ರಿ?"

"ಅದು ಕೀಲಿ. ಕಂಪನಿಯವ್ರು ಅಂತ ಹೇಳಿ ಕೇಳಿದ್ರೂ ಕೊಡಬಾರದು. ಪೊಲೀಸರು ಅಂತ ಹೇಳಿ ಕೇಳಿದ್ರೂ ಕೊಡಬಾರದು. ನಾನ ಕೇಳಿದ್ರೂ ಕೊಡಬಾರದು" ಎಂದು ಟೀಚರ್ ಎದ್ದು ಗೋಡೆಗೆ ಹೋದರು. ಈರಣ್ಣ ಮಾವ ಪದಗಳನ್ನು ಚೀಟಿಗೆ ಇಳಿಸಿಕೊಂಡ.

ಚೀಟಿಯನ್ನು ಮಿಲ್ಲಿನ ತಿಜೋರಿಗೆ ಹಾಕಿ, ಪದಗಳನ್ನು ಬಾಯಿಪಾಠ ಮಾಡಿದ. ಮರೆಯಬಾರದೆಂದು ದಿನಾ ಬೆಳಿಗ್ಗೆ ಬಚ್ಚಲಲ್ಲಿ ನೀರು ಹಾಕಿಕೊಳ್ಳುತ್ತ ಮಣಮಣ ಹೇಳಿಕೊಳ್ಳುತ್ತಿದ್ದ. ಅವನ ಹೆಂಡತಿ ಗೌರಮ್ಮ ಅತ್ತೆ, ಗಂಡನಿಗೆ ಈ ವಯಸ್ಸಿನಲ್ಲಾದರೂ ಜಪತಪದ ಕಡೆ ಮನಸ್ಸು ಬಂತಲ್ಲ ಎಂದು ಸಂತೋಷಪಟ್ಟಳು. ಕೀಲಿಯ ವಿಷಯದಲ್ಲಿ ಹೀಗೆ ಅವನು ಗಟ್ಟಿಯಾಗಿದ್ದ. ಪೆಟ್ಟಿಗೆಯ ವಿಷಯದಲ್ಲಿ ಗಟ್ಟಿಯಾಗಿರಲು ಅವನಿಂದಾಗಲಿಲ್ಲ.

ಅವನ ಮಗಳ ಮದುವೆ ಕುರುಗೋಡಿನ ಕಲ್ಯಾಣಮಂಟಪದಲ್ಲಿ ಆಯಿತು. ಫೋಟೋ ನನ್ನದೇ. ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸ್ ನಿಂತಿತ್ತು: ಕೈ ಮುಗಿದ ಈರಣ್ಣ ಮಾವ, ಕೆಳಗೆ ಫೋನ್ ನಂಬರ್, ಅದರ ಕೆಳಗೆ ವಾಲೆಟ್ಟಿನ ಕ್ಯೂಆರ್ ಕೋಡು, "ಮುಯ್ಯಿ ಮಾಡುವವರು ಬಿಟ್‌ಕಾಯಿನ್ ಮೂಲಕವೂ ಮಾಡಬಹುದು" ಎಂಬ ಸಾಲು. ಟೀಚರ್ ಬಂದವರೇ ಅದನ್ನು ನೋಡಿ ನಿಂತುಬಿಟ್ಟರು.

"ಈರಣ್ಣಾರೇ, ಇದನ್ನ ತಗಸ್ರಿ."

"ಯಾಕ್ರಿ ಟೀಚರ್? ಇದರಿಂದ ರೊಕ್ಕ ಬರತೈತಿ, ಹೋಗಂಗಿಲ್ಲಲ್ಲ?"

"ಹೋಗಂಗಿಲ್ಲ. ಕಾಣ್ತೈತಿ."

"ಕಾಣ್ಲಿ ಬಿಡ್ರಿ, ಮಗಳ ಮದುವಿ!" ಎಂದು ಅವನು ಬೀಗರ ಕಡೆಗೆ ಓಡಿದ.

ಟೀಚರ್ ಆ ಕೋಡಿಗೆ ಬೆನ್ನು ಹಚ್ಚಿ, ಅದು ಮುಚ್ಚುವ ಹಾಗೆ ನಿಂತರು. ಅಕ್ಷತೆಯ ಹೊತ್ತಿಗೂ ಕದಲಲಿಲ್ಲ. ಬಂದವರು ಇವರು ಮುಯ್ಯಿ ತೆಗೆದುಕೊಳ್ಳಲು ನಿಂತವರೆಂದು ತಿಳಿದು ಕವರುಗಳನ್ನು ಕೈಗಿಡುತ್ತಿದ್ದರು; ಅವರು ಒಳಗೆ ಕಳಿಸುತ್ತಿದ್ದರು. ಕೊನೆಗೆ ಗೌರಮ್ಮ ಅತ್ತೆ ಕೈಹಿಡಿದು ಊಟಕ್ಕೆ ಎಳೆದುಕೊಂಡು ಹೋದಳು. ಆ ಅರ್ಧ ಗಂಟೆಯಲ್ಲಿ ಗಂಡಿನ ಕಡೆಯ ಹುಡುಗರೆಲ್ಲ ಫ್ಲೆಕ್ಸಿನ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡು, ಸಂಜೆಯೊಳಗೆ ಊರಿಗೆಲ್ಲ ಹಂಚಿದರು. ಆ ಕೋಡಿಗೆ ಮುಯ್ಯಿ ಮಾತ್ರ ಯಾರೂ ಮಾಡಲಿಲ್ಲ.

ಫೋನು ಬಂದದ್ದು ಕೆಲವು ವಾರಗಳ ಮೇಲೆ. ಮಿಲ್ಲಿನ ಬೆಲ್ಟು ಕೊಳ್ಳಲು ಈರಣ್ಣ ಮಾವ ಬಳ್ಳಾರಿಗೆ ಬಂದಿದ್ದ. ವಾಲೆಟ್ ಕಂಪನಿಯವನೆಂದು ಹೇಳಿದ ಆ ಮನುಷ್ಯ ಬಹಳ ಮರ್ಯಾದೆಯ ತೆಲುಗಿನಲ್ಲಿ "ಈರಣ್ಣಗಾರು" ಎಂದು ಶುರುಮಾಡಿ, ವಾಲೆಟ್ಟಿನಲ್ಲಿ ಎಷ್ಟಿದೆ, ಯಾವ ತಿಂಗಳು ಎಷ್ಟು ಬಂತು, ಎಲ್ಲವನ್ನೂ ಚಾಚೂ ತಪ್ಪದೆ ಹೇಳಿದನಂತೆ. ಇಷ್ಟೆಲ್ಲ ಗೊತ್ತಿರುವವನು ಕಂಪನಿಯವನಲ್ಲದೆ ಇನ್ಯಾರು? ವಾಲೆಟ್ಟಿಗೆ ಯಾರೋ ಕನ್ನ ಹಾಕುತ್ತಿದ್ದಾರೆ, ಇನ್ನೊಂದು ಗಂಟೆಯಲ್ಲಿ ದೊಡ್ಡ ಕಂಪ್ಯೂಟರಿನ ಮುಂದೆ ಕೂತು ಬೀಗ ಬದಲಿಸಬೇಕು ಎಂದ.

ಈರಣ್ಣ ಮಾವ ಫೋನನ್ನು ಕಿವಿಗೊತ್ತಿಕೊಂಡೇ ಸೆಂಟರಿಗೆ ನುಗ್ಗಿದ. "ಟೀಚರ್, ಅರ್ಜೆಂಟ್ ಒಂದು ಕಂಪ್ಯೂಟರ್ ಕೊಡ್ರಿ" ಎಂದದ್ದು ನನಗೆ ಈ ಕಡೆ ಕೇಳಿಸಿತು. ಆಮೇಲೆ "ಅವುನಂಡಿ, ಅವುನಂಡಿ" ಎಂದು ತೆಲುಗಿನಲ್ಲಿ ಹೌದು ಹೌದೆನ್ನುವುದಷ್ಟೇ ಕೇಳಿಸಿತು. ಮಿಲ್ಲಿನ ವ್ಯವಹಾರ ಎಂದುಕೊಂಡೆ. ಟೀಚರೂ ಹಾಗೇ ಅಂದುಕೊಂಡರು. ಅವನು ತೆರೆಯ ಮೇಲಿನ ಖಾಲಿ ಚೌಕಗಳನ್ನು ತುಂಬಲು ಶುರುಮಾಡಿದ್ದು ಕಂಡು, ಎದ್ದು ಗೋಡೆಗೆ ಹೋದರು.

"ಗುರುವಾರ. ಏಕಾದಶಿ. ರಾಹುಕಾಲ ಒಂದೂವರಿಯಿಂದ ಮೂರು…"

"ಟೀಚರ್, ಪಿಜನ್‌ಗೆ ಸ್ಪೆಲಿಂಗ್ ಏನ್ರಿ?"

"ಪಿ, ಐ, ಜಿ, ಇ, ಓ, ಎನ್. ಶುಕ್ರವಾರ. ದ್ವಾದಶಿ. ರಾಹುಕಾಲ…"

ಓದು ನಿಂತಿತು. ಅಷ್ಟು ವರ್ಷಗಳಲ್ಲಿ ನಾನು ಆ ಓದು ನಡುವೆ ನಿಂತದ್ದನ್ನು ಕೇಳಿರಲಿಲ್ಲ.

"ಈರಣ್ಣಾರೇ, ಪಾರಿವಾಳ ಯಾಕ ಬೇಕು ನಿಮಗ?"

"ಹನ್ನೆರಡರಾಗ ಅದ ಕೊನೇದು ಟೀಚರ್. ಆತು, ಒತ್ತಿದೆ."

ಕುರ್ಚಿ ಬಿದ್ದ ಸಪ್ಪಳಕ್ಕೆ ನಾನು ಓಡಿದೆ. ಟೀಚರ್ ಹೊರಳಿ ಬಂದು ಕಂಪ್ಯೂಟರಿನ ವಯರುಗಳನ್ನೆಲ್ಲ ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಈರಣ್ಣ ಮಾವ "ಅಯ್ಯ, ಬೀಗ ಬದಲಿ ಮಾಡಾಕ ಹತ್ತಿದ್ನಲ್ರಿ" ಅನ್ನುತ್ತಿದ್ದ. ಫೋನಿನ ಆ ತುದಿಯ ಮರ್ಯಾದಸ್ಥ ಅಷ್ಟರಲ್ಲಿ ಕಟ್ ಮಾಡಿದ್ದ. ಮಾವನ ಮೊಬೈಲಿನಲ್ಲಿ ವಾಲೆಟ್ ತೆರೆದು ನೋಡಿದೆವು. ಮಿಲ್ಲಿಗೆ ಹೊಸ ಯಂತ್ರ ತರಬೇಕೆಂದು ಅವನು ಕೂಡಿಸಿಟ್ಟಿದ್ದೆಲ್ಲ ನಾವು ನೋಡನೋಡುತ್ತಲೇ ಖಾಲಿಯಾಯಿತು. ಟೀಚರ್ ಬೇರೆ ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಿದರು: ಇಲ್ಲಿಂದ ಇನ್ನೊಂದು ಪೆಟ್ಟಿಗೆಗೆ ಹೋಗಿತ್ತು, ಅಲ್ಲಿಂದ ಮತ್ತೊಂದಕ್ಕೆ.

"ಕಾಣ್ತೈತಲ್ರಿ! ಅಲ್ಲೇ ಐತಲ್ರಿ!" ಎಂದು ಮಾವ ತೆರೆಯ ಮೇಲೆ ಬೆರಳಿಟ್ಟ.

"ಕಾಣ್ತೈತಿ. ಮುಟ್ಟಾಕ ಬರಂಗಿಲ್ಲ."

ಮಾವ ಬೆರಳು ತೆಗೆದ. ಆಮೇಲೆ ಸಿಟ್ಟಿಲ್ಲದೆ, ಅರ್ಥವಾಗದ ಸಂಗತಿಯೊಂದನ್ನು ಕೇಳುವವನಂತೆ ಕೇಳಿದ: "ಒಂದ ಸಲ ಹೊಳ್ಳಿ ನೋಡಿದ್ರ ಆಗ್ತಿತ್ತಲ್ರಿ ಟೀಚರ್?"

ಟೀಚರ್ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು.

ಪೊಲೀಸ್ ಠಾಣೆಗೆ ಮೂವರೂ ಹೋದೆವು. ಅಧಿಕಾರಿ ಒಳ್ಳೆಯವರು, ತಾಳ್ಮೆಯಿಂದ ಕೇಳಿದರು.

"ಸ್ಕ್ರೀನ್ ಮೇಲೆ ಏನಿತ್ತಮ್ಮ?"

"ಗೊತ್ತಿಲ್ರಿ."

"ನೀವು ಅಲ್ಲೇ ಇದ್ರಲ್ಲ?"

"ಇದ್ದೆ. ಮುಖ ಆಕಡಿ ಇತ್ತು. ಅವ್ರು ಗುಟ್ಟಿಂದು ಒತ್ತಾಕ ಹತ್ತಿದ್ರು."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಹಾಗಾದರೆ ನೀವು ನೋಡಿದ್ದೇನು?"

"ಗುರುವಾರ, ಏಕಾದಶಿ. ಶುಕ್ರವಾರ ಅರ್ಧ."

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಪೇದೆ ಅದನ್ನೂ ಬರೆದುಕೊಂಡ.

ಮನೆಯಲ್ಲಿ ಹೇಗೆ ಹೇಳಲಿ ಎಂದು ಈರಣ್ಣ ಮಾವ ಠಾಣೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. "ನಾನೂ ಬರ್ತೀನಿ" ಎಂದರು ಟೀಚರ್. ಇದರಲ್ಲಿ ನಿಮ್ಮ ತಪ್ಪೇನಿದೆ ಎಂದೆ ನಾನು. "ಸ್ಪೆಲಿಂಗ್ ನಂದು" ಎಂದರು. ಮೂವರೂ ತೆಕ್ಕಲಕೋಟೆಯ ಬಸ್ಸು ಹತ್ತಿದೆವು. ಕಂಡಕ್ಟರ್ ಮಾವನ ಪರಿಚಯದವನು. ಮೈಗೆ ಹುಷಾರಿಲ್ಲವೇ ಎಂದು ಎರಡು ಸಲ ಬಂದು ಕೇಳಿ ಹೋದ.

ಗೌರಮ್ಮ ಅತ್ತೆ ಅಕ್ಕಿ ಕೇರುತ್ತಿದ್ದಳು. ಟೀಚರ್ ನಿಂತುಕೊಂಡೇ ಹೇಳಿದರು: "ಅಕ್ಕಾ, ನಿಮ್ಮ ಮನಿಯವ್ರ ಕಾಯಿನ್ ಹೋದ್ವು. ಕೇಳಿದಾವ ಕಳ್ಳ. ಒತ್ತಿದವ್ರು ಇವ್ರು. ಸ್ಪೆಲಿಂಗ್ ಹೇಳಿಕೊಟ್ಟಾಕಿ ನಾನು. ಬಚ್ಚಲದಾಗ ಇವ್ರು ಬಾಯಿಪಾಠ ಮಾಡ್ತಿದ್ದ ಪದಗೊಳ ಅದರ ಕೀಲಿ."

ಅತ್ತೆ ಮೊರ ಕೆಳಗಿಟ್ಟು ಗಂಡನ ಮುಖ ನೋಡಿದಳು. "ಅದು ಜಪ ಅಲ್ಲೇನು?"

"ಅಲ್ಲ" ಎಂದ ಮಾವ.

"ನಾ ಎಲ್ಲಾರ ಮುಂದೂ ಜಪ ಅಂತ ಹೇಳೀನಲ್ಲ." ಮೊರ ಎತ್ತಿಕೊಂಡು ಎದ್ದಳು. "ನಾಳಿಯಿಂದ ಖರೇನ ಜಪ ಮಾಡ್ರಿ. ಕೈ ತೊಳಕೋರಿ ಎಲ್ಲಾರೂ, ರೊಟ್ಟಿ ಬಡೀತೀನಿ."

ಟೀಚರ್ ಅವಳ ಹಿಂದೆಯೇ ಅಡಿಗೆಮನೆಗೆ ಹೋದರು. ರೊಟ್ಟಿ ಬಡಿಯುವ ಸಪ್ಪಳ ಸ್ವಲ್ಪ ಹೊತ್ತು ಕೇಳಿ ನಿಂತಿತು. ಆಮೇಲೆ ಅಳು ಕೇಳಿಸಿತು. ಇಬ್ಬರಲ್ಲಿ ಯಾರದೆಂದು ತಿಳಿಯಲಿಲ್ಲ. ನಾನು ಎದ್ದು ನೋಡಲೂ ಇಲ್ಲ.

ಆ ದಿನದಿಂದ ಟೀಚರ ಪದ್ಧತಿ ಬದಲಾಯಿತು. ಯಾರೇ ಗುಟ್ಟಿನದನ್ನು ಒತ್ತಲು ಹೊರಟರೂ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಿದ್ದರು: "ಇದನ್ನ ಒತ್ತು ಅಂತ ನಿಮಗ ಯಾರು ಹೇಳಿದ್ರು?" ನಾನೇ ಒತ್ತುತ್ತಿದ್ದೇನೆ ಎಂದರೆ ಎದ್ದು ಗೋಡೆಗೆ. ಯಾರೋ ಫೋನ್ ಮಾಡಿ ಹೇಳಿದರು ಎಂದರೆ ಕೀಬೋರ್ಡನ್ನೇ ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಕೆಲವರಿಗೆ ಸಿಟ್ಟು ಬಂದು ಬೇರೆ ಸೆಂಟರು ಹಿಡಿದರು. ನಿವೃತ್ತ ಗುಮಾಸ್ತರೊಬ್ಬರು, ನನ್ನ ಹೆಂಡತಿಯೂ ಇಷ್ಟು ಕೇಳುವುದಿಲ್ಲ ಎಂದು ಜಗಳಾಡಿದರು. "ಅವ್ರೂ ಕೇಳಬೇಕ್ರಿ" ಎಂದರು ಟೀಚರ್.

ಬಾದನಹಟ್ಟಿಯಿಂದ ಬಿಸಿಯೂಟದ ಅಡಿಗೆಯಾಕೆಯೊಬ್ಬಳು ಒಮ್ಮೆ ಗಾಬರಿಯಿಂದ ಬಂದಳು. ಬ್ಯಾಂಕ್ ಖಾತೆ ಬಂದ್ ಆಗುತ್ತದೆ, ಬೇಗ ನಂಬರ್ ಒತ್ತು ಎಂದು ಯಾರೋ ಫೋನಿನಲ್ಲಿ ಅವಸರ ಮಾಡುತ್ತಿದ್ದ. ಟೀಚರ್ ಫೋನ್ ಇಸಿದುಕೊಂಡರು.

"ಹಲೋ, ನಾನು ಈಕಿ ಅಕ್ಕ. ನಂಬರ್ ನಾನ ಹೇಳ್ತೀನಿ. ಮೊದಲು ನಿಮ್ಮ ತಾಯಿ ಹೆಸರು ಹೇಳ್ರಿ, ಆಮ್ಯಾಲ ನೀವು ಹುಟ್ಟಿದ ತಾರೀಖು."

ಆ ಕಡೆಯವನು ಏನೋ ಅಂದ.

"ಯಾಕ್ರಿ, ಹೇಳಾಕ ಆಗಂಗಿಲ್ಲೇನು? ನಮಗೂ ಹಂಗ ಆಗತೈತಿ."

ಫೋನ್ ಕಟ್ಟಾಯಿತು. ಅಡಿಗೆಯಾಕೆ ಎದ್ದು, ಕೂತ ಹೊತ್ತಿನ ಬಾಡಿಗೆ ಕೊಡುವುದನ್ನೂ ಮರೆತು ಬಸ್ಸಿಗೆ ಓಡಿದಳು. ಅವತ್ತು ಟೀಚರ್ ನನಗೂ ಒಂದು ಚಹಾ ತರಿಸಿದರು.

ಈರಣ್ಣ ಮಾವನೂ ಬರುವುದನ್ನು ಬಿಡಲಿಲ್ಲ. ಬಂದಾಗಲೆಲ್ಲ ಮಿಲ್ಲಿನ ಅಕ್ಕಿ ತರುತ್ತಿದ್ದ, ಟೀಚರ ಎದುರು ಸುಮ್ಮನೆ ಕೂತು ಹೋಗುತ್ತಿದ್ದ. ಹೊಳ್ಳಿ ನೋಡಬಹುದಿತ್ತಲ್ಲ ಎಂಬ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಒಂದು ದಿನ ಟೀಚರ್ ಸ್ವಲ್ಪ ದಿನ ತಂಗಿಯ ಮನೆಗೆ ಹೋಗಿಬರುತ್ತೇನೆ ಎಂದರು. ಕೈಯಲ್ಲಿ ಚಿಕ್ಕ ಚೀಲ. ಮೈ ಇಳಿದಿತ್ತು. ಏನಾಗಿದೆ ಎಂದು ಕೇಳಿದೆ. "ಪಾಸ್‌ವರ್ಡ್, ಬಸಣ್ಣ" ಎಂದು ನಕ್ಕು, ಸೆಂಟರಿನ ಫ್ಯಾನು ಆರಿಸಿದೆನೋ ಇಲ್ಲವೋ ನೋಡಿ ಎಂದು ಬೀಗದ ಕೈ ಕೊಟ್ಟು ಆಟೋ ಹತ್ತಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಕಾಯಿಲೆ ಯಾವುದೆಂದು ಗೊತ್ತಾದದ್ದು ಮಣ್ಣಾದ ಮೇಲೆ. ಪಕ್ಕದಲ್ಲೇ ಇದ್ದುಕೊಂಡು ವರ್ಷದಿಂದ ಅದು ನನ್ನ ಗಮನಕ್ಕೆ ಬಂದಿರಲಿಲ್ಲ.

ಸಿರುಗುಪ್ಪಕ್ಕೆ ಈರಣ್ಣ ಮಾವನೂ ನಾನೂ ಹೋದೆವು. ಟೀಚರ ತಂಗಿ ಚಹಾ ಕೊಟ್ಟು, ಅಕ್ಕನ ಮೊಬೈಲನ್ನು ತಂದು ನನ್ನ ಮುಂದಿಟ್ಟರು. "ಇದರ ಲಾಕ್ ನಮಗ್ಯಾರಿಗೂ ಗೊತ್ತಿಲ್ರಿ. ಇಷ್ಟು ವರ್ಷ ಬಾಜೂಕ ಇದ್ರಿ, ನಿಮಗ ಗೊತ್ತೈತೇನು?"

"ಇಲ್ಲಕ್ಕಾ."

ಅವರ ಮುಖ ಹಗುರಾಯಿತು. "ಛಲೋ ಆತು ಬಿಡ್ರಿ. ಗೊತ್ತಿದ್ದಿದ್ರ ಆಕಿ ನಿಮ್ಮ ಮ್ಯಾಲ ಸಿಟ್ಟಾಗತಿದ್ಲು."

ಸಂಜೆಯ ಬಸ್ಸು ಹಿಡಿದೆವು. ಮಾವನ ಪಕ್ಕ ಕೂತ ಅಪರಿಚಿತನೊಬ್ಬ, ಹೊತ್ತು ಹೋಗಲೆಂದು, ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ.

"ನಮ್ಮ ಟೀಚರ್ ಹೋದ್ರು. ಅವ್ರ ತಂಗೀನ ಮಾತಾಡಿಸಿ ಬರಾಕ ಹೋಗಿದ್ವಿ."

"ಏನು ಕಲಸ್ತಿದ್ರು?"

ಇನ್ನು ಮಾವನ ಬಾಯಿ ತೆಕ್ಕಲಕೋಟೆ ಬರುವವರೆಗೆ ಮುಚ್ಚುವುದಿಲ್ಲ ಎಂದುಕೊಂಡು ನಾನು ಸೀಟಿಗೆ ಒರಗಿದೆ. ಮಾವ ಕಿಟಕಿಯ ಹೊರಗಿನ ಗದ್ದೆಗಳನ್ನು ಸ್ವಲ್ಪ ಹೊತ್ತು ನೋಡಿದ.

"ಕಂಪ್ಯೂಟರ್" ಎಂದ. ಮುಂದೆ ಏನೂ ಹೇಳಲಿಲ್ಲ. ಊರು ಬಂದಾಗ ನನ್ನ ಭುಜ ಮುಟ್ಟಿ ಇಳಿದು ಹೋದ.